ಹರ್ಪಿಸ್ ವೈರಸ್ ಮತ್ತು ನರಕೋಶದ ಪ್ರೋಟೀನ್ ಸಮತೋಲನ

ತುಟಿಯಂಚಿನಲ್ಲಿ ನೀರ್ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್-1, ಗುಳ್ಳೆ ಒಣಗಿದ ಮೇಲೂ ದೇಹವನ್ನು ಬಿಟ್ಟು ಹೋಗುವುದಿಲ್ಲ. ಮುಖದ ಸ್ಪರ್ಶ ಮತ್ತು ನೋವನ್ನು ಮಿದುಳಿಗೆ ತಿಳಿಸುವ ಟ್ರೈಜೆಮಿನಲ್ ನರದ ಗ್ಯಾಂಗ್ಲಿಯಾನ್‌ನಲ್ಲಿ, ಅಂದರೆ ನರಕೋಶಗಳ ಗೊಂಚಲಿನಲ್ಲಿ, ಜೀವಮಾನವಿಡೀ ಅಡಗಿರುತ್ತದೆ. ಇದಕ್ಕೂ ಅಲ್ಝೈಮರ್ ಕಾಯಿಲೆಗೂ ನಂಟಿದೆಯೇ ಎಂದು ರೋಗಿಗಳ ಮಕ್ಕಳು ಈಚೆಗೆ ಹೆಚ್ಚಾಗಿ ಕೇಳುತ್ತಿದ್ದಾರೆ.

ಈ ಪ್ರಶ್ನೆಯನ್ನು ಅರಿಯಲು, ಕೋಶ ತನ್ನ ಪ್ರೋಟೀನುಗಳನ್ನು ಹೇಗೆ ಸರಿಯಾಗಿಟ್ಟುಕೊಳ್ಳುತ್ತದೆಂದು ಮೊದಲು ನೋಡಬೇಕು. ಪ್ರೋಟೀನು ಕೆಲಸಕ್ಕೆ ಬರಬೇಕಾದರೆ ಸರಿಯಾದ ಆಕಾರಕ್ಕೆ ಮಡಚಿಕೊಳ್ಳಬೇಕು. ಅದಕ್ಕೆ ಚಾಪರೋನ್‌ಗಳೆಂಬ ಸಹಾಯಕ ಪ್ರೋಟೀನುಗಳು ನೆರವಾಗುತ್ತವೆ. ಕೆಟ್ಟ ಪ್ರೋಟೀನನ್ನು ಪ್ರೋಟಿಯಾಸೋಮ್ ಎಂಬ ಕೋಶದೊಳಗಿನ ಯಂತ್ರ ತುಂಡರಿಸುತ್ತದೆ. ಪ್ರೋಟೀನುಗಳು ಅಂಟಿಕೊಂಡಾದ ದೊಡ್ಡ ಗಂಟುಗಳನ್ನು ಆಟೊಫೇಜಿ ಎಂಬ ಪ್ರಕ್ರಿಯೆ ಅರಗಿಸುತ್ತದೆ. ಪ್ರೌಢ ನರಕೋಶ ವಿಭಜನೆಗೊಳ್ಳುವುದಿಲ್ಲವಾದ್ದರಿಂದ, ಅಲ್ಲಿ ಉಳಿದ ಕಸ ಮರಿಕೋಶಗಳಿಗೆ ಹಂಚಿಹೋಗಿ ತೆಳುವಾಗುವ ಅವಕಾಶವೇ ಇಲ್ಲ.

ಸಕ್ರಿಯವಾದ ವೈರಸ್, ಪ್ರೋಟೀನು ತಯಾರಿಸುವ ಕೋಶದ ರೈಬೋಸೋಮ್‌ಗಳನ್ನು ತನ್ನ ಪ್ರೋಟೀನು ತಯಾರಿಕೆಗೆ ದುಡಿಸಿಕೊಳ್ಳುತ್ತದೆ. ಅಪಾಯವನ್ನು ಗುರುತಿಸಿದ ಕೋಶ ಇಐಎಫ್2-ಆಲ್ಫಾ ಎಂಬ ಅಂಶಕ್ಕೆ ಫಾಸ್ಫೇಟ್ ಸೇರಿಸಿ ಎಲ್ಲ ತಯಾರಿಕೆಯನ್ನೂ ತಗ್ಗಿಸಲು ನೋಡುತ್ತದೆ. ಆದರೆ ವೈರಸ್ಸಿನ ಐಸಿಪಿ34.5 ಎಂಬ ಪ್ರೋಟೀನು ಆ ಫಾಸ್ಫೇಟನ್ನು ತೆಗೆಸಿಹಾಕುವುದಲ್ಲದೆ, ಆಟೊಫೇಜಿಗೆ ಬೇಕಾದ ಬೆಕ್ಲಿನ್-1 ಎಂಬ ಪ್ರೋಟೀನಿಗೆ ಅಂಟಿಕೊಂಡು ಸ್ವಚ್ಛತೆಯ ದಾರಿಯನ್ನೂ ತಡೆಯುತ್ತದೆ. ಬೆಕ್ಲಿನ್‌ಗೆ ಅಂಟುವ ಭಾಗವನ್ನು ಮಾತ್ರ ಕಿತ್ತುಹಾಕಿದ ವೈರಸ್, ಇಲಿಗಳ ಮಿದುಳಿಗೆ ಮೊದಲಿನಷ್ಟು ಹಾನಿ ಮಾಡಲಾರದಾಯಿತು. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವ ಪ್ರಯೋಗ ಇದೇ.

ಪ್ರಯೋಗಾಲಯದಲ್ಲಿ ಸೋಂಕು ತಗುಲಿದ ನರಕೋಶಗಳಲ್ಲಿ, ಅಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಗಡ್ಡೆಗಟ್ಟುವ ಅಮೈಲಾಯ್ಡ್-ಬೀಟಾ ಎಂಬ ಪ್ರೋಟೀನು ತುಣುಕು ಶೇಖರವಾಗುವುದೂ, ಟೌ ಎಂಬ ಇನ್ನೊಂದು ಪ್ರೋಟೀನಿನ ಮೇಲೆ ಅಲ್ಝೈಮರ್‌ನಲ್ಲಿ ಕಾಣುವಂಥ ಬದಲಾವಣೆಗಳಾಗುವುದೂ ಕಂಡುಬಂದಿದೆ. ಅಮೈಲಾಯ್ಡ್ ವೈರಸ್ಸಿಗೆ ಅಂಟಿ ಅದನ್ನು ಬಂಧಿಸಬಲ್ಲದು. ಹಾಗಾಗಿ ಅದು ಮೊದಲಿಗೆ ರಕ್ಷಣೆಯಾಗಿದ್ದು, ತೆರವಾಗದೆ ಉಳಿದಾಗ ಹಾನಿಯಾಗುತ್ತಿರಬಹುದು.

ಮನುಷ್ಯರಲ್ಲಿನ ಪುರಾವೆ ಇಷ್ಟು ನೇರವಾಗಿಲ್ಲ. ವೇಲ್ಸ್‌ನಲ್ಲಿ 2013ರ ಸೆಪ್ಟೆಂಬರ್‌ನಲ್ಲಿ ಸರ್ಪಸುತ್ತಿನ ಲಸಿಕೆ ಆರಂಭವಾದಾಗ, 1933ರ ಸೆಪ್ಟೆಂಬರ್ 2ಕ್ಕೆ ಮುನ್ನ ಹುಟ್ಟಿದವರಿಗೆ ಅದು ಸಿಗಲಿಲ್ಲ. ಕೆಲವೇ ವಾರಗಳ ಅಂತರದಲ್ಲಿ ಹುಟ್ಟಿದವರನ್ನು ಹೋಲಿಸಿದಾಗ, ಲಸಿಕೆ ಪಡೆದವರಲ್ಲಿ ಏಳು ವರ್ಷಗಳಲ್ಲಿ ಡಿಮೆನ್ಷಿಯಾ (ಅಲ್ಝೈಮರ್ ಸೇರಿದಂತೆ ಮರೆವಿನ ಕಾಯಿಲೆಗಳು) ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆಯಿತ್ತು. ಸರ್ಪಸುತ್ತಿನ ವೈರಸ್ ಹರ್ಪಿಸ್ ಕುಟುಂಬದ್ದೇ ಆದರೂ ಬೇರೆ ಸದಸ್ಯ ಎಂಬುದನ್ನು ಮರೆಯಬಾರದು. ಇತ್ತ, ಆರಂಭಿಕ ಅಲ್ಝೈಮರ್ ಇದ್ದವರಿಗೆ ಅಮೆರಿಕದಲ್ಲಿ 18 ತಿಂಗಳು ವ್ಯಾಲಸೈಕ್ಲೊವಿರ್ ಎಂಬ ಹರ್ಪಿಸ್ ಔಷಧ ಕೊಟ್ಟ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಗಂಟುಗಳು ಕಟ್ಟಿಕೊಂಡ ಮೇಲೆ ವೈರಸ್ಸನ್ನು ತಡೆದರೆ ತಡವಾಗಿರುತ್ತದೆಂದು ನಾನು ಭಾವಿಸುತ್ತೇನೆ.

ಆದ್ದರಿಂದ ಮರೆವಿಗೆಂದು ಹರ್ಪಿಸ್ ಮಾತ್ರೆ ನುಂಗಬೇಡಿರೆಂದೇ ಹೇಳುತ್ತೇನೆ. ಐವತ್ತು ದಾಟಿದವರಿಗೆ ಸರ್ಪಸುತ್ತಿನ ಲಸಿಕೆಯನ್ನು ಸೂಚಿಸುವುದು, ಆ ಕಾಯಿಲೆ ಬಿಟ್ಟುಹೋಗುವ ತಿಂಗಳುಗಟ್ಟಲೆಯ ನರನೋವನ್ನು ತಪ್ಪಿಸಲು.