ನಿಯಮ ಹಗುರ ಎಂದ ರಾಜ, ಕೊನೆತನಕ ನಿಯಮ ಬರೆಸಿದ

ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ಅಶೋಕನ ಕಂಬವೊಂದಿದೆ. 14ನೇ ಶತಮಾನದಲ್ಲಿ ಫಿರೋಜ್ ಶಾ ತುಘಲಕ್ ಅದನ್ನು ಈಗಿನ ಹರಿಯಾಣದ ಟೋಪ್ರಾದಿಂದ ಹೊರಿಸಿಕೊಂಡು ಬಂದ. ಪಟ್ಟವೇರಿ 27ನೇ ವರ್ಷದಲ್ಲಿ ಅಶೋಕ ಬರೆಸಿದ ಒಂದು ಲೆಕ್ಕಾಚಾರ ಅದರ ಮೇಲಿದೆ. ಜನರಲ್ಲಿ ಧಮ್ಮ, ಅಂದರೆ ಒಳ್ಳೆಯ ನಡತೆ, ಬೆಳೆದದ್ದು ಎರಡು ದಾರಿಯಲ್ಲಿ ಅನ್ನುತ್ತಾನೆ. ಒಂದು ‘ನಿಯಮ’. ಇನ್ನೊಂದು ‘ನಿಝತಿ’, ಅಂದರೆ ತಿಳಿಹೇಳಿ ಒಪ್ಪಿಸುವುದು. ಇದರಲ್ಲಿ ನಿಯಮ ‘ಲಹು’. ನಮ್ಮ ‘ಲಘು’ ಇದೆಯಲ್ಲ, ಅದೇ. ಒಪ್ಪಿಸುವುದರಿಂದಲೇ ಜಾಸ್ತಿ ಆಯಿತು ಅಂತ ಅವನ ಮಾತು.

ಈ ಒಪ್ಪಿಸುವ ದನಿ ಕೇಳಬೇಕಾದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಹೋಗಬೇಕು. ಅಲ್ಲಿನ ಅಶೋಕನ ಶಾಸನ ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನಿಂದ, ಅಂದರೆ ರಾಜಕುಮಾರನಿಂದ, ಇಸಿಲ ಅನ್ನುವ ಊರಿನ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ ಬಂದದ್ದು. ಶುರುವಾಗುವುದೇ ಆರೋಗ್ಯ ವಿಚಾರಿಸುವುದರಿಂದ! ಆಮೇಲೆ ವಿಷಯ: ತಂದೆತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ನಿಜ ಹೇಳಿ, ಶಿಷ್ಯರು ಗುರುವಿಗೆ ಮರ್ಯಾದೆ ಕೊಡಲಿ. ತಪ್ಪಿದರೆ ಇಂಥ ದಂಡ ಅಂತ ಎಲ್ಲೂ ಇಲ್ಲ. ಮನೆಯ ಹಿರಿಯರು ಜಗಲಿಯಲ್ಲಿ ಕೂತು ಹೇಳಿದ ಹಾಗಿದೆ.

ಈ ಮೆತ್ತನೆ ಮಾತಿನ ಹಿಂದೆ ಕಳಿಂಗ ಯುದ್ಧ ಇದೆ. ಪಟ್ಟವೇರಿ 8 ವರ್ಷವಾದಾಗ ನಡೆದ ಆ ಯುದ್ಧದಲ್ಲಿ 1 ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಿದರು ಅಂತ ಅವನೇ ಬರೆಸಿದ್ದಾನೆ. ಪಶ್ಚಾತ್ತಾಪಪಟ್ಟ ಅದೇ ಶಾಸನದಲ್ಲಿ ಕಾಡಿನ ಜನರಿಗೆ ಒಂದು ಎಚ್ಚರಿಕೆಯೂ ಇದೆ: ನೊಂದಿದ್ದರೂ ನನ್ನ ಕೈಯಲ್ಲಿ ಬಲ ಇದೆ, ಸಾಯದೆ ಉಳಿಯಬೇಕಾದರೆ ತಿದ್ದಿಕೊಳ್ಳಿ. ಈ ಸಾಲನ್ನು ನಾವು ಸುಮ್ನೆ ದಾಟಿಬಿಡುತ್ತೇವೆ, ಅಲ್ವಾ?

ಬರೀ ಮಾತಿನಿಂದ ಆಗದು ಅಂತ ಅವನಿಗೂ ಗೊತ್ತಿತ್ತು. 13 ವರ್ಷವಾದಾಗ ಧಮ್ಮ ಮಹಾಮಾತ್ರರು ಅನ್ನುವ ಹೊಸ ಅಧಿಕಾರಿಗಳನ್ನೇ ನೇಮಿಸಿದ. ಅರಮನೆಯ ಅಡುಗೆಮನೆಯಲ್ಲಿ ದಿನಕ್ಕೆ ಎರಡು ನವಿಲು, ಒಂದು ಜಿಂಕೆ ಮಾತ್ರ ಉಳಿದಿವೆ, ಮುಂದೆ ಅವನ್ನೂ ಕೊಲ್ಲುವುದಿಲ್ಲ ಎಂದು ಸಾರಿದ. ಇದು ತಾನೇ ನಡೆದು ತೋರಿಸುವ ದಾರಿ. ಆದರೆ 26ನೇ ವರ್ಷಕ್ಕೆ ಬರುವಷ್ಟರಲ್ಲಿ ಕೊಲ್ಲಬಾರದ ಜೀವಿಗಳ ಉದ್ದ ಪಟ್ಟಿಯೇ ಕಂಬದ ಮೇಲೆ ಬಂತು: ಗಿಳಿ, ಮೈನಾ, ಬಾವಲಿ, ರಾಣಿ ಇರುವೆ. ಜೀವಿಗಳಿರುವ ಹೊಟ್ಟನ್ನು ಸುಡಬಾರದು. ಇಂಥಿಂಥ ದಿನ ಮೀನು ಮಾರಬಾರದು. ಮರಣದಂಡನೆ ಹೋಗಲಿಲ್ಲ, ಶಿಕ್ಷೆಯಾದವರಿಗೆ 3 ದಿನ ಬಿಡುವು ಸಿಕ್ಕಿತು, ಅಷ್ಟೇ. ಇದಾದ ಮರುವರ್ಷವೇ ನಿಯಮ ಹಗುರ ಅನ್ನುವ ಮಾತು!

ನನಗನ್ನಿಸುವುದು, ಅವನು ಒಪ್ಪಿಸಲು ಹೆಚ್ಚು ಪಾಡುಪಟ್ಟದ್ದು ಜನರನ್ನಲ್ಲ, ತನ್ನ ಅಧಿಕಾರಿಗಳನ್ನು. ಕಳಿಂಗದ ಅಧಿಕಾರಿಗಳಿಗೆಂದೇ ಬರೆಸಿದ ಶಾಸನಗಳಲ್ಲಿ ‘ಎಲ್ಲ ಮನುಷ್ಯರೂ ನನ್ನ ಮಕ್ಕಳು’ ಅನ್ನುತ್ತಾನೆ. ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ, ಆಯಾಸ ಇದ್ದರೆ ನ್ಯಾಯ ಕೊಡಲಾಗದು ಅಂತ ಒಂದೊಂದಾಗಿ ಎಣಿಸುತ್ತಾನೆ. ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಹಿಂಸಿಸಬೇಡಿ ಅನ್ನುತ್ತಾನೆ. ತಿಷ್ಯ (ಪುಷ್ಯ) ನಕ್ಷತ್ರದ ದಿನ ಇದನ್ನು ಓದಿ ಕೇಳಿಸಬೇಕಿತ್ತು.

ಒಡಿಶಾದ ಧೌಳಿ ಮತ್ತು ಜೌಗಡದಲ್ಲಿದ್ದ ಈ ಮಾತು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿತು. ಅಲ್ಲಿನ ಚಂದ್ರಲಾಂಬಾ ದೇಗುಲದ ಆವರಣದಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದ ಮೇಲೆ ನೋಡಿದರೆ, ದೇವಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲಿನ ಮೇಲೆ ಅಶೋಕನ ಅಕ್ಷರಗಳಿದ್ದವು.