ಕಾರ್ತಿಕದ ಆಕಾಶ: ನಾಲ್ಕು ತಿಂಗಳು ಒಂದೇ ಸಾಲಿನಲ್ಲಿ

ಬಲಿಪಾಡ್ಯಮಿ ಬಂತು ಅಂದರೆ ನಮ್ಮಲ್ಲಿ ಕಾರ್ತಿಕ ಶುರು. ಮಳೆ ಗಾಳಿಯ ಧೂಳನ್ನು ತೊಳೆದಿರುತ್ತದೆ. ಬಂಗಾಳ ಕೊಲ್ಲಿಯ ಕಡೆಯಿಂದ ಮೋಡ ಬಾರದಿದ್ದರೆ ಆಕಾಶ ಫಳಫಳ ಅನ್ನುತ್ತದೆ. ನಕ್ಷತ್ರ ಗುರುತಿಸಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ತಿಂಗಳು ಇಲ್ಲ ಅಂತ ನನ್ನ ಅನಿಸಿಕೆ. ಈ ಟಿಪ್ಪಣಿಯ ಸಮಯಗಳೆಲ್ಲ ನವೆಂಬರ್ ನಡುವಿನವು, ಬೆಂಗಳೂರಿಗೆ ಲೆಕ್ಕ ಹಾಕಿದವು.

ಮೊದಲು ಹೆಸರಿನ ವಿಷಯ. ಹುಣ್ಣಿಮೆಯ ಚಂದ್ರ ಕೃತ್ತಿಕಾ ನಕ್ಷತ್ರದ ಹತ್ತಿರ ಇರುವ ತಿಂಗಳು ಕಾರ್ತಿಕ. ಚಿತ್ತಾ ಹತ್ತಿರ ಇದ್ದರೆ ಚೈತ್ರ, ವಿಶಾಖಾ ಹತ್ತಿರ ಇದ್ದರೆ ವೈಶಾಖ. ಹುಣ್ಣಿಮೆ ದಿನ ಚಂದ್ರ ಸೂರ್ಯನಿಗೆ ಎದುರಾಗಿ ಇರಬೇಕು, ಅಲ್ವಾ? ನವೆಂಬರ್ 20ರ ಸುಮಾರಿಗೆ ಸೂರ್ಯ ವಿಶಾಖಾ ದಾಟಿ ಅನೂರಾಧಾ ಸೇರುತ್ತಾನೆ. ಅದಕ್ಕೆ ಸರಿಯಾಗಿ ಎದುರಿಗಿರುವುದೇ ಕೃತ್ತಿಕಾ. ಸೂರ್ಯ ಪಶ್ಚಿಮದಲ್ಲಿ ಮುಳುಗುವ ಹೊತ್ತಿಗೆ ಅದು ಪೂರ್ವದಲ್ಲಿ ಹುಟ್ಟುತ್ತದೆ, ರಾತ್ರಿಯಿಡೀ ಇರುತ್ತದೆ. ಪ್ರತಿ ವರ್ಷ ಹುಣ್ಣಿಮೆಯ ದಿನಾಂಕ ಹಿಂದೆ ಮುಂದೆ ಆಗುವುದರಿಂದ ಚಂದ್ರ ಕೆಲವು ಸಲ ಭರಣಿ ಕಡೆಗೋ ರೋಹಿಣಿ ಕಡೆಗೋ ಜಾರಿರುತ್ತಾನೆ. ಅದನ್ನು ನೋಡಿ ಗಾಬರಿಯಾಗಬೇಡಿ.

ಈಗ ತಾರಸಿಗೆ ಹೋಗಿ. ರಾತ್ರಿ ಎಂಟು ಗಂಟೆಗೆ ಪೂರ್ವಕ್ಕೆ, ಸ್ವಲ್ಪ ಈಶಾನ್ಯದ ಕಡೆ ಮುಖ ಮಾಡಿ. ಕೈ ನೇರ ಚಾಚಿ ಮುಷ್ಟಿ ಕಟ್ಟಿದರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಎರಡೂವರೆ ಮುಷ್ಟಿ ಮೇಲೆ ಒಂದು ಸಣ್ಣ ಗೊಂಚಲು ಕಾಣುತ್ತದೆ. ಅದೇ ಕೃತ್ತಿಕಾ. ಮೊದಲ ನೋಟಕ್ಕೆ ಉಸಿರು ತಾಗಿ ಮಬ್ಬಾದ ಕನ್ನಡಿಯ ಹಾಗೆ. ಹತ್ತು ನಿಮಿಷ ಮೊಬೈಲ್ ಮುಟ್ಟದೆ ನಿಂತರೆ ನಾಲ್ಕು ಚುಕ್ಕಿ, ಆಮೇಲೆ ಐದು, ಆರು. ನೇರ ನೋಡುವುದಕ್ಕಿಂತ ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ಟರೆ ಜಾಸ್ತಿ ಕಾಣುತ್ತವೆ. ಕಡಿಮೆ ಬೆಳಕನ್ನು ಹಿಡಿಯುವ ಕೋಶಗಳು ಕಣ್ಣಿನ ನಡುಭಾಗದಲ್ಲಿ ಇಲ್ಲ, ಸುತ್ತ ಇವೆ. ಷಣ್ಮುಖನಿಗೆ ಹಾಲೂಡಿಸಿದ ಆರು ತಾಯಂದಿರು ಇವರೇ ಅನ್ನುವ ಕಥೆ ಗೊತ್ತಿದೆಯಲ್ಲ, ಬರಿಗಣ್ಣಿಗೆ ಕಾಣುವುದೂ ಸಾಮಾನ್ಯವಾಗಿ ಆರೇ. ನಿಜವಾಗಿ ಆ ಗುಂಪಿನಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳಿವೆ. ದೂರ ಸುಮಾರು 440 ಜ್ಯೋತಿರ್ವರ್ಷ. ತಾಳಿಕೋಟೆ ಯುದ್ಧ ಮುಗಿದು ಇಪ್ಪತ್ತು ವರ್ಷವಾದ ಮೇಲೆ ಅಲ್ಲಿಂದ ಹೊರಟ ಬೆಳಕು ಈಗ ನಿಮ್ಮ ಕಣ್ಣಿಗೆ ಬೀಳುತ್ತಿದೆ.

ಕೃತ್ತಿಕಾದಿಂದ ಒಂದೂವರೆ ಮುಷ್ಟಿ ಕೆಳಗೆ ಕಿತ್ತಳೆ ಬಣ್ಣದ ರೋಹಿಣಿ. ಇದು ಹತ್ತಿರದ್ದು, 65 ಜ್ಯೋತಿರ್ವರ್ಷ ಅಷ್ಟೇ.

ಈಗ ನೆತ್ತಿಯ ಮೇಲೆ ನೋಡಿ. ನಾಲ್ಕು ನಕ್ಷತ್ರಗಳ ದೊಡ್ಡ ಚೌಕ ಇದೆ, ಒಳಗೆ ಹೆಚ್ಚು ಕಡಿಮೆ ಖಾಲಿ. ಪಶ್ಚಿಮದ ಎರಡು ಪೂರ್ವಾಭಾದ್ರ, ಪೂರ್ವದ ಎರಡು ಉತ್ತರಾಭಾದ್ರ. ಅಂದರೆ ಭಾದ್ರಪದ ಮಾಸದ ಹೆಸರು ಬಂದದ್ದು ಇಲ್ಲಿಂದ. ಚೌಕದಿಂದ ಕೃತ್ತಿಕಾ ಕಡೆಗೆ ಕಣ್ಣು ಇಳಿಸಿದರೆ ನಡುವೆ ಒಂದು ಪುಟ್ಟ ಜೋಡಿ ಸಿಗುತ್ತದೆ, ಅದು ಅಶ್ವಿನಿ. ಆಶ್ವಯುಜ ಅದರಿಂದ. ಒಂಬತ್ತು ಗಂಟೆಯವರೆಗೆ ಕಾದರೆ ಪೂರ್ವದಲ್ಲಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ತಲೆ ಮೇಲೇಳುತ್ತದೆ, ಅದು ಮೃಗಶಿರಾ, ಮಾರ್ಗಶಿರದ ಮನೆ. ಭಾದ್ರಪದ, ಆಶ್ವಯುಜ, ಕಾರ್ತಿಕ, ಮಾರ್ಗಶಿರ. ನೆತ್ತಿಯಿಂದ ದಿಗಂತದವರೆಗೆ ನಾಲ್ಕು ತಿಂಗಳು ವರಸೆಯಾಗಿ ನಿಂತಿವೆ! ಪಂಚಾಂಗದಲ್ಲಿ ಬಾಯಿಪಾಠ ಮಾಡಿದ ಹೆಸರುಗಳು ಹೀಗೆ ಸಾಲಾಗಿ ಕಂಡ ರಾತ್ರಿ ನಾನು ಕೆಳಗಿಳಿದು ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದೆ.

ಊರಿನ ದೀಪ ಇಲ್ಲದ ಕಡೆ ಇದ್ದರೆ ಇನ್ನೊಂದು ಕೆಲಸ ಮಾಡಿ. ಚೌಕದ ಈಶಾನ್ಯ ಮೂಲೆಯಿಂದ ಎರಡು ನಕ್ಷತ್ರ ಮುಂದೆ ಹೋಗಿ, ಅಲ್ಲಿಂದ ಉತ್ತರಕ್ಕೆ ತಿರುಗಿ ಎರಡು ಸಣ್ಣ ಚುಕ್ಕಿ ದಾಟಿ. ಪಕ್ಕದಲ್ಲಿ ಬೆರಳಿನಿಂದ ಒರೆಸಿದಂಥ ಬಿಳಿ ಮಚ್ಚೆ. ಅದು ಆಂಡ್ರೊಮಿಡಾ ಗ್ಯಾಲಕ್ಸಿ, ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. 1923ರಲ್ಲಿ ಖಗೋಳವಿಜ್ಞಾನಿ ಎಡ್ವಿನ್ ಹಬಲ್ ಅದರೊಳಗೆ ಬೆಳಕು ಏರಿಳಿಯುವ ಒಂದು ನಕ್ಷತ್ರ ಕಂಡುಹಿಡಿದರು. ಆ ಏರಿಳಿತದಿಂದ ದೂರ ಲೆಕ್ಕ ಹಾಕಿದ ಮೇಲೆಯೇ ಈ ಗ್ಯಾಲಕ್ಸಿ ನಮ್ಮ ಆಕಾಶಗಂಗೆಯ ಆಚೆಗಿದೆ ಅನ್ನುವುದು ಖಚಿತವಾದದ್ದು.

ಉತ್ತರದಲ್ಲಿ ಸಪ್ತರ್ಷಿ ಈಗ ದಿಗಂತದ ಕೆಳಗೆ. ಧ್ರುವ ಹುಡುಕಲು ಇಂಗ್ಲಿಷಿನ ಎಂ ಅಕ್ಷರದಂತೆ ಕಾಣುವ ಕುಂತಿ (ಕ್ಯಾಸಿಯೋಪಿಯಾ) ನಕ್ಷತ್ರಪುಂಜವನ್ನು ಹಿಡಿಯಿರಿ, ಅದರ ಕೆಳಗೆ ಧ್ರುವ. ನಿಮ್ಮ ಊರಿನ ಅಕ್ಷಾಂಶ ಎಷ್ಟೋ ಅಷ್ಟೇ ಅದರ ಎತ್ತರ: ಬೆಂಗಳೂರಿನಲ್ಲಿ 13 ಡಿಗ್ರಿ, ಬೀದರಿನಲ್ಲಿ ಸುಮಾರು 18. ದಕ್ಷಿಣದಲ್ಲಿ ಹತ್ತು ಗಂಟೆಯ ನಂತರ ಎರಡು ಮುಷ್ಟಿ ಮೇಲೆ ಆಕರ್ನಾರ್ ಅನ್ನುವ ನಕ್ಷತ್ರ ಹೊಳೆಯುತ್ತದೆ. ದೆಹಲಿಯವರಿಗೆ ಅದು ದಿಗಂತಕ್ಕೇ ಅಂಟಿಕೊಂಡಿರುತ್ತದೆ.

ನವೆಂಬರ್ 17-18ರ ಆಸುಪಾಸಿನಲ್ಲಿ ಲಿಯೊನಿಡ್ ಉಲ್ಕೆಗಳು ಬೀಳುತ್ತವೆ, ನೋಡಬೇಕಾದರೆ ರಾತ್ರಿ ಎರಡರ ಮೇಲೆ ಏಳಬೇಕು. ಸಾಧಾರಣ ವರ್ಷಗಳಲ್ಲಿ ಗಂಟೆಗೆ ಹತ್ತು ಹದಿನೈದು, ಅದೂ ಕತ್ತಲಿದ್ದರೆ.

ಅಭ್ಯಾಸಕ್ಕೆ: ಹುಣ್ಣಿಮೆಯ ಹಿಂದಿನ ದಿನ, ಹುಣ್ಣಿಮೆ, ಮರುದಿನ, ಮೂರೂ ರಾತ್ರಿ ಒಂಬತ್ತಕ್ಕೆ ಚಂದ್ರ, ರೋಹಿಣಿ, ಕೃತ್ತಿಕಾ ಎಲ್ಲಿವೆ ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿ. ಚಂದ್ರನ ಬೆಳಕಿಗೆ ಕೃತ್ತಿಕಾ ಮಸುಕಾಗುತ್ತದೆ, ಕೈಯಿಂದ ಚಂದ್ರನನ್ನು ಮುಚ್ಚಿಕೊಂಡು ನೋಡಿ. ಒಂದೊಂದು ದಿನಕ್ಕೂ ಅವನು ಮುಷ್ಟಿಗಿಂತ ಸ್ವಲ್ಪ ಜಾಸ್ತಿ, ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿದಿರುತ್ತಾನೆ. 360ನ್ನು ಆ 13ರಿಂದ ಭಾಗಿಸಿ ನೋಡಿ, ನಕ್ಷತ್ರಗಳು 27 ಯಾಕೆ ಅಂತ ಹಾಳೆಯ ಮೇಲೇ ಸಿಗುತ್ತದೆ.