ಉಗ್ಗು ಹೋದ ಮೇಲೆ ಇಂಟರ್ವ್ಯೂಗೆ ಹೋಗಲಾ, ಈಗಲೇ ಹೋಗಲಾ?

ಪ್ರಶ್ನೆ: ನನಗೆ 24 ವರ್ಷ. ಬಿ.ಕಾಂ. ಮುಗಿದಿದೆ. ಟ್ಯಾಲಿ, ಜಿಎಸ್‌ಟಿ ಎಲ್ಲ ಕಲಿತಿದ್ದೇನೆ, ಕೆಲಸ ಚೆನ್ನಾಗಿ ಬರುತ್ತದೆ. ಆದರೆ ಚಿಕ್ಕಂದಿನಿಂದ ಉಗ್ಗು. ಎದುರಿಗೆ ಯಾರಾದರೂ ಕೂತು ಹೆಸರು ಕೇಳಿದರೆ ನನ್ನ ಹೆಸರೇ ಬಾಯಿಂದ ಹೊರಡುವುದಿಲ್ಲ. ಇಂಟರ್ವ್ಯೂಗೆ ಕರೆ ಬಂದರೂ ಹೋಗಲಿಲ್ಲ. ಮೊದಲು ಉಗ್ಗು ಪೂರ್ತಿ ವಾಸಿ ಮಾಡಿಕೊಂಡು ಆಮೇಲೆ ಕೆಲಸ ಹುಡುಕೋಣ ಅಂತಿದ್ದೇನೆ. ಅಮ್ಮ ನಾಲಿಗೆಗೆ ಬಜೆ ತೇಯ್ದು ಹಚ್ಚು ಅಂತಾರೆ. ಗೆಳೆಯ ಧೈರ್ಯ ಇದ್ದರೆ ಸಾಕು ಅಂತಾನೆ. ಏನು ಮಾಡಲಿ?

ಉತ್ತರ: ಕಾಯಬೇಡಿ. ಉಗ್ಗು ಇಟ್ಟುಕೊಂಡೇ ಇಂಟರ್ವ್ಯೂಗೆ ಹೋಗಿ. ಜೊತೆಗೆ ಮಾತಿನ ಥೆರಪಿಯನ್ನೂ ಶುರು ಮಾಡಿ. ಎರಡೂ ಒಟ್ಟಿಗೇ ನಡೆಯಲಿ, ಒಂದು ಮುಗಿದ ಮೇಲೆ ಇನ್ನೊಂದು ಅಂತ ಇಟ್ಟುಕೊಂಡರೆ ಎರಡನೆಯದು ಬರುವುದೇ ಇಲ್ಲ.

ಯಾಕೆ ಅಂತ ಹೇಳುವ ಮುಂಚೆ ಅಮ್ಮನ ಬಜೆ ಮತ್ತು ಗೆಳೆಯನ ಧೈರ್ಯದ ವಿಷಯ ಮುಗಿಸಿಬಿಡೋಣ.

ನೀವು ಒಬ್ಬರೇ ಇದ್ದಾಗ ಗಟ್ಟಿಯಾಗಿ ಓದಿ ನೋಡಿದ್ದೀರಾ? ಹಾಡಿದ್ದೀರಾ? ಶಾಲೆಯಲ್ಲಿ ಎಲ್ಲರ ಜೊತೆ ನಾಡಗೀತೆ ಹೇಳುವಾಗ ಎಲ್ಲಾದರೂ ಸಿಕ್ಕಿಕೊಂಡಿರಾ? ಉಗ್ಗುವವರಲ್ಲಿ ಹೆಚ್ಚಿನವರಿಗೆ ಇಂಥ ಕಡೆ ಮಾತು ಸರಾಗವಾಗಿ ಬರುತ್ತದೆ. ಅದೇ ನಾಲಿಗೆ, ಅದೇ ತುಟಿ, ಅದೇ ಗಂಟಲು. ಹಾಗಾದರೆ ತೊಂದರೆ ನಾಲಿಗೆಯಲ್ಲಿ ಇಲ್ಲ ಅಂತಾಯಿತು, ಅಲ್ವಾ? ಮಾತು ಹೊರಡಬೇಕಾದರೆ ಉಸಿರು, ಗಂಟಲು, ತುಟಿ, ನಾಲಿಗೆ ಎಲ್ಲ ಸರಿಯಾದ ಕ್ಷಣಕ್ಕೆ ಒಟ್ಟಾಗಿ ಕೆಲಸ ಮಾಡಬೇಕು. ಆ ಹೊಂದಾಣಿಕೆ ಮಾಡಿಸುವುದು ಮೆದುಳು. ಉಗ್ಗು ಇರುವವರಲ್ಲಿ ಆ ಕೆಲಸ ನಡೆಯುವ ರೀತಿ ಸ್ವಲ್ಪ ಬೇರೆ. ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಶುರುವಾಗುತ್ತದೆ. ಎಷ್ಟೋ ಸಲ ಮನೆತನದಲ್ಲೇ ಇರುತ್ತದೆ, ಕೇಳಿ ನೋಡಿ, ಒಬ್ಬ ದೊಡ್ಡಪ್ಪನೋ ಸೋದರಮಾವನೋ ಸಿಗಬಹುದು. ಸುಮಾರು 100 ಮಕ್ಕಳಲ್ಲಿ 5 ಮಕ್ಕಳಿಗೆ ಯಾವಾಗಲಾದರೂ ಉಗ್ಗು ಬರುತ್ತದೆ, ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ. ದೊಡ್ಡವರಾದ ಮೇಲೂ ಉಳಿಯುವುದು ನೂರಕ್ಕೆ ಒಬ್ಬರಿಗೆ. ಅದರಲ್ಲಿ ಗಂಡಸರೇ ಜಾಸ್ತಿ.

ಹಾಗಾಗಿ ಬಜೆಯಿಂದ ಏನೂ ಆಗುವುದಿಲ್ಲ, ಬಾಯಲ್ಲಿ ಕಲ್ಲು ಇಟ್ಟುಕೊಂಡು ಮಾತಾಡಿದರೂ ಅಷ್ಟೇ. ಗೆಳೆಯನ ಮಾತು ಅರ್ಧ ಸರಿ. ಭಯ ಉಗ್ಗನ್ನು ಜಾಸ್ತಿ ಮಾಡುತ್ತದೆ, ಅದು ನಿಜ. ಆದರೆ ಭಯದಿಂದ ಉಗ್ಗು ಹುಟ್ಟಿದ್ದಲ್ಲ. ಧೈರ್ಯವಂತರೂ ಉಗ್ಗುತ್ತಾರೆ.

ಈಗ ಅಸಲು ವಿಷಯಕ್ಕೆ ಬರೋಣ. ನನಗೂ ಉಗ್ಗು ಇದೆ, ಆದ್ದರಿಂದ ಇದನ್ನು ಸ್ವಲ್ಪ ನಿಂತು ಹೇಳುತ್ತೇನೆ. ದರ್ಶಿನಿಯ ಕ್ಯಾಶ್ ಕೌಂಟರ್ ಮುಂದೆ ನಿಂತಿದ್ದೀರಿ. ಮಸಾಲೆ ದೋಸೆ ತಿನ್ನೋ ಆಸೆ. 'ಮ' ಅನ್ನಲು ತುಟಿ ಮುಚ್ಚಿದ್ದು ತೆರೆಯುತ್ತಿಲ್ಲ. ಹಿಂದೆ ನಾಲ್ಕು ಜನ, ಕೌಂಟರ್‌ನವನು ತಲೆ ಎತ್ತಿ ನೋಡುತ್ತಾನೆ, ಕೊನೆಗೆ ಬಾಯಿಗೆ ಸುಲಭವಾಗಿ ಬಂದ 'ಇಡ್ಲಿ' ಅಂದು ಚೀಟಿ ತಗೊಂಡು ಬರುತ್ತೀರಿ. ಬಸ್ಸಿನಲ್ಲಿ ನಿಮ್ಮ ಸ್ಟಾಪಿನ ಹೆಸರು ಕಷ್ಟ ಅಂತ ಮುಂದಿನ ಸ್ಟಾಪಿಗೆ ಟಿಕೆಟ್ ಕೇಳುತ್ತೀರಿ, ಎರಡು ರೂಪಾಯಿ ಜಾಸ್ತಿ ಹೋದರೂ ಪರವಾಗಿಲ್ಲ. ಕ್ಲಾಸಿನಲ್ಲಿ ಎಲ್ಲರೂ 'ಪ್ರೆಸೆಂಟ್ ಸರ್' ಅಂದರೆ ನೀವು 'ಯೆಸ್ ಸರ್'. ಉತ್ತರ ಗೊತ್ತಿದ್ದರೂ 'ಗೊತ್ತಿಲ್ಲ ಸರ್' ಅಂತ ಕೂತುಬಿಡುತ್ತೀರಿ, ಯಾಕೆಂದರೆ 'ಗೊತ್ತಿಲ್ಲ' ಸಲೀಸಾಗಿ ಬಂತು.

ಇದನ್ನೆಲ್ಲ ಎಷ್ಟು ಚೆನ್ನಾಗಿ ಕಲಿತಿರುತ್ತೇವೆ ಅಂದರೆ, ಪಕ್ಕದಲ್ಲಿ ಕೂತವರಿಗೆ ಉಗ್ಗು ಇರುವುದೇ ಗೊತ್ತಾಗುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ, ನೀವು ಅಕೌಂಟ್ಸ್ ಓದಿದವರು. ಉಗ್ಗಿನಿಂದ ಹೋದದ್ದು ದಿನಕ್ಕೆ ಕೆಲವು ನಿಮಿಷ. ಉಗ್ಗನ್ನು ಮುಚ್ಚಿಡಲು ಹೋದದ್ದು ಕೇಳದ ಪ್ರಶ್ನೆಗಳು, ಎತ್ತದ ಫೋನು, ಫೋನ್ ಕೆಲಸ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಒಪ್ಪಿಕೊಂಡ ಕಡಿಮೆ ಸಂಬಳದ ಕೆಲಸ, ಈಗ ಈ ಇಂಟರ್ವ್ಯೂಗಳು.

ಇನ್ನೊಂದು ಕಿತಾಪತಿ ಇದೆ. ಒಂದು ಪದ ತಪ್ಪಿಸಿಕೊಂಡ ಕೂಡಲೇ ಮನಸ್ಸಿಗೆ ಎಷ್ಟು ಹಗುರ ಅನ್ನಿಸುತ್ತದೆ ಅಂದರೆ, ಆ ಪದ ನಿಜವಾಗಲೂ ಅಪಾಯದ್ದು ಅಂತ ಮೆದುಳು ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಭಯ ಇನ್ನೂ ಮುಂಚೆಯೇ ಬರುತ್ತದೆ. ಬದಲಿಸೋಕೆ ಆಗದ ಪದ ಒಂದೇ, ನಮ್ಮ ಹೆಸರು. ಅದಕ್ಕೇ ಹೆಸರಿನ ಹತ್ತಿರ ಇಷ್ಟು ಜನ ಸಿಕ್ಕಿಕೊಳ್ಳುವುದು, ನಿಮಗೊಬ್ಬರಿಗೇ ಆಗುತ್ತಿರುವ ವಿಚಿತ್ರ ಅಲ್ಲ. 'ಪೂರ್ತಿ ವಾಸಿ ಆದ ಮೇಲೆ ಹೋಗ್ತೀನಿ' ಅನ್ನುವುದೂ ಇಡ್ಲಿ ತಗೊಂಡ ಹಾಗೇ. ಇಲ್ಲಿ ಬಿಟ್ಟುಕೊಡುತ್ತಿರುವುದು ಮಾತ್ರ ದೋಸೆಗಿಂತ ದೊಡ್ಡದು.

ಪೂರ್ತಿ ವಾಸಿ ಆಗುತ್ತದಾ ಅಂತ ಕೇಳಿದರೆ, ನಿಮ್ಮ ವಯಸ್ಸಿನಲ್ಲಿ ಯಾರಾದರೂ ಗ್ಯಾರಂಟಿ ಕೊಟ್ಟರೆ ಎದ್ದು ಬನ್ನಿ. ಉಗ್ಗಿಗೆ ಅಂತಲೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. '15 ದಿನದಲ್ಲಿ ಉಗ್ಗು ಮಾಯ' ಅಂತ ಬೋರ್ಡ್ ಹಾಕಿದವರ ಹತ್ತಿರ ಆಗುವುದು ಇಷ್ಟು: ಮಾತನ್ನು ಎಳೆದು ಎಳೆದು, ತಾಳಕ್ಕೆ ಸರಿಯಾಗಿ ಆಡಿಸುತ್ತಾರೆ, ಆ ಕೋಣೆಯೊಳಗೆ ನಿಜವಾಗಲೂ ಸರಾಗವಾಗಿ ಬರುತ್ತದೆ, ದುಡ್ಡು ಕಟ್ಟಿ ಹೊರಗೆ ಬಂದು ಆಟೋದವನ ಹತ್ತಿರ ಮಾತಾಡುವಾಗ ಮತ್ತೆ ಅದೇ ಕಥೆ. ಆಗ ನಮ್ಮ ಅಭ್ಯಾಸವೇ ಸಾಲದು ಅಂತ ನಮ್ಮನ್ನೇ ಬೈದುಕೊಳ್ಳುತ್ತೇವೆ.

ಬ್ರಿಟನ್ನಿನ ದೊರೆ ಆರನೇ ಜಾರ್ಜ್ ಕಥೆ ನೀವು ಕೇಳಿರಬಹುದು. 1925ರಲ್ಲಿ ವೆಂಬ್ಲಿಯಲ್ಲಿ, ಆಗಿನ್ನೂ ರಾಜಕುಮಾರ, ಭಾಷಣ ಮಾಡಲು ನಿಂತು ಒದ್ದಾಡಿಬಿಟ್ಟರು. ಮರುವರ್ಷದಿಂದ ಲಯನೆಲ್ ಲೋಗ್ ಅನ್ನೋ ಆಸ್ಟ್ರೇಲಿಯಾದವರ ಹತ್ತಿರ ತರಬೇತಿ. 1939ರ ಸೆಪ್ಟೆಂಬರ್ 3ರಂದು ಯುದ್ಧ ಶುರುವಾಯಿತು ಅಂತ ರೇಡಿಯೋದಲ್ಲಿ ಇಡೀ ಸಾಮ್ರಾಜ್ಯಕ್ಕೆ ಹೇಳಿದ್ದು ಇವರೇ. ಈ ಕಥೆಯನ್ನು ಜನ 'ಉಗ್ಗು ಗೆದ್ದ ರಾಜ' ಅಂತ ಹೇಳುತ್ತಾರೆ. ಆ ಭಾಷಣದ ರೆಕಾರ್ಡಿಂಗ್ ಸಿಗುತ್ತದೆ, ಒಮ್ಮೆ ಕೇಳಿ. ಉದ್ದುದ್ದ ನಿಲುಗಡೆ, ಪದಕ್ಕೆ ಮುಂಚೆ ತಡವರಿಕೆ, ಎಲ್ಲ ಇದೆ. ಅವರ ಉಗ್ಗು ಹೋಗಿರಲಿಲ್ಲ. ಅವರು ಹೋಗಿ ಮೈಕಿನ ಮುಂದೆ ನಿಂತಿದ್ದರು, ಅಷ್ಟೇ.

ಹಾಗಂತ ಥೆರಪಿ ಸುಮ್ನೆ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಥೆರಪಿಯಿಂದ ಸಿಕ್ಕಿಕೊಳ್ಳುವುದು ಕಡಿಮೆ ಆಗುತ್ತದೆ, ಸಿಕ್ಕಿಕೊಂಡಾಗ ಹೊರಗೆ ಬರುವ ದಾರಿ ಗೊತ್ತಾಗುತ್ತದೆ. ಉದಾಹರಣೆಗೆ ನಿಮ್ಮ ಹೆಸರು 'ಪ'ದಿಂದ ಶುರು ಅಂದುಕೊಳ್ಳಿ. ಸಿಕ್ಕಿಕೊಂಡಾಗ ನಾವು ಮಾಡುವುದು ತುಟಿಯನ್ನು ಇನ್ನೂ ಗಟ್ಟಿಯಾಗಿ ಒತ್ತುವುದು, ಕತ್ತಿನ ನರ ಉಬ್ಬುವವರೆಗೆ ತಳ್ಳುವುದು. ಇದರ ಉಲ್ಟಾ ಮಾಡಲು ಕಲಿಸುತ್ತಾರೆ. ತುಟಿಯನ್ನು ಹಗುರವಾಗಿ ತಾಗಿಸಿ ಶುರು ಮಾಡುವುದು. ಮಧ್ಯದಲ್ಲಿ ಸಿಕ್ಕಿಕೊಂಡರೆ ತಳ್ಳದೆ, ಅಲ್ಲೇ ಒತ್ತಡ ಸಡಿಲಿಸಿ ಮೆಲ್ಲಗೆ ಜಾರಿ ಹೊರಗೆ ಬರುವುದು. ಒದ್ದಾಡಿಕೊಂಡೇ ಪದ ಮುಗಿಸಿದರೆ, ಒಂದು ಕ್ಷಣ ನಿಂತು, ಅದೇ ಪದವನ್ನು ಸಡಿಲವಾಗಿ ಮತ್ತೊಮ್ಮೆ ಹೇಳುವುದು. ಬೇಕಂತಲೇ ಉಗ್ಗುವುದನ್ನೂ ಅಭ್ಯಾಸ ಮಾಡಿಸುತ್ತಾರೆ. ಕೇಳಿದರೆ ಹುಚ್ಚಾಟ ಅನ್ನಿಸುತ್ತದೆ. ಅಂಗಡಿಗೆ ಹೋಗಿ, ಕಷ್ಟ ಇಲ್ಲದ ಪದದಲ್ಲೇ, 'ಸ-ಸ-ಸಕ್ಕರೆ ಎಷ್ಟು' ಅಂತ ನೀವಾಗಿ ಕೇಳುವುದು. ಅಂಗಡಿಯವನು ರೇಟು ಹೇಳಿ ಮುಂದಿನ ಗಿರಾಕಿ ಕಡೆ ತಿರುಗುತ್ತಾನೆ. ಇಷ್ಟು ವರ್ಷ ಹೆದರಿದ್ದು ಇದಕ್ಕಾ ಅನ್ನಿಸುತ್ತದಲ್ಲ, ಅದು ಪುಸ್ತಕ ಓದಿದರೆ ಬರುವುದಿಲ್ಲ.

ಇಂಟರ್ವ್ಯೂ ಕೋಣೆಯಲ್ಲಿ ಏನು ಮಾಡಬೇಕು? ಮೊದಲೇ ಹೇಳಿಬಿಡಿ. ಕೂತ ಕೂಡಲೇ: 'ಸರ್, ನನಗೆ ಉಗ್ಗು ಇದೆ. ಕೆಲವು ಪದದಲ್ಲಿ ನಿಲ್ಲುತ್ತೇನೆ. ಉತ್ತರ ಗೊತ್ತಿಲ್ಲ ಅಂತಲ್ಲ, ಸ್ವಲ್ಪ ಟೈಮ್ ಬೇಕಾಗುತ್ತದೆ.' ಇಷ್ಟೇ. ಕ್ಷಮೆ ಕೇಳುವ ದನಿ ಬೇಡ, ತಪ್ಪೇನೂ ಮಾಡಿಲ್ಲ. ಇದರಿಂದ ಎರಡು ಲಾಭ. ನೀವು ನಿಂತಾಗ ಎದುರಿನವರಿಗೆ ಕಾರಣ ಗೊತ್ತಿರುತ್ತದೆ, ತಯಾರಿ ಇಲ್ಲ ಅಂತ ತಪ್ಪು ತಿಳಿಯುವುದಿಲ್ಲ. ಎರಡನೆಯದು ನಿಮಗೇ: ಮುಚ್ಚಿಡೋದು ಏನೂ ಉಳಿದಿಲ್ಲ ಅಂದ ಮೇಲೆ ಆ ಬಿಗಿತ ಅರ್ಧ ಇಳಿದಿರುತ್ತದೆ. ಜಿಎಸ್‌ಟಿ ರಿಟರ್ನ್ ಬಗ್ಗೆ ಕೇಳಿದಾಗ ಸುಲಭದ ಪದ ಹುಡುಕಬೇಡಿ, ಸರಿಯಾದ ಪದವನ್ನೇ ಉಗ್ಗಿಕೊಂಡು ಹೇಳಿ. ಟ್ಯಾಲಿಯಲ್ಲಿ ಮಾಡಿ ತೋರಿಸಲಾ ಅಂತ ನೀವೇ ಕೇಳಬಹುದು.

ಕೆಲವು ಕಡೆ ನಗುತ್ತಾರೆ. ಸಿನಿಮಾದಲ್ಲಿ ಉಗ್ಗುವವನನ್ನು ಕಾಮಿಡಿಗೇ ಇಟ್ಟು ಇಟ್ಟು ಜನರಿಗೆ ಅಭ್ಯಾಸ ಆಗಿದೆ. ಕೆಲವು ಕಡೆ ಇದೇ ಕಾರಣಕ್ಕೆ ಬೇಡ ಅನ್ನಲೂಬಹುದು, ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಹೋಗದೇ ಇದ್ದ ಕಡೆ ಕೆಲಸ ಸಿಗುವ ಸಾಧ್ಯತೆ ಸೊನ್ನೆ.

ದೊಡ್ಡ ಇಂಟರ್ವ್ಯೂಗೆ ಮುಂಚೆ ಚಿಕ್ಕ ಚಿಕ್ಕ ಕಡೆ ಮಾತಾಡಿ. ಮೊಬೈಲ್ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಪ್ಲಾನ್ ಕೇಳಿ. ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರ್‌ನಲ್ಲಿ ಬಸ್ ಟೈಮ್ ಕೇಳಿ. ಅಷ್ಟು ಆಸೆ ಇಲ್ಲದ ಕಂಪನಿಯ ಇಂಟರ್ವ್ಯೂಗೆ ಮೊದಲು ಹೋಗಿ.

ಥೆರಪಿಗೆ ಎಲ್ಲಿ ಹೋಗಬೇಕು ಅಂದರೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು, ಈ ಕೆಲಸಕ್ಕೆಂದೇ ಇರುವುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲೂ ಇದಕ್ಕೆ ವಿಭಾಗ ಇದೆ. ಖಾಸಗಿಯವರ ಹತ್ತಿರ ಹೋಗುವುದಾದರೆ ಬಿಎಎಸ್‌ಎಲ್‌ಪಿ (ಮಾತು, ಶ್ರವಣ ಚಿಕಿತ್ಸೆಯ ಪದವಿ) ಓದಿದ್ದಾರಾ, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಇದೆಯಾ ಅಂತ ಕೇಳಲು ಸಂಕೋಚ ಬೇಡ. ಉಗ್ಗು ಇರುವವರೇ ಸೇರಿ ಮಾಡಿಕೊಂಡ ಗುಂಪುಗಳೂ ಇವೆ, ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್ ಅಂತ ಹುಡುಕಿದರೆ ಸಿಗುತ್ತವೆ. (ನಿಮ್ಮದು ಚಿಕ್ಕಂದಿನಿಂದ ಇರುವುದು. ಆದರೆ ಯಾರಿಗಾದರೂ ದೊಡ್ಡವರಾದ ಮೇಲೆ ಇದ್ದಕ್ಕಿದ್ದ ಹಾಗೆ ಉಗ್ಗು ಶುರುವಾದರೆ ತಡ ಮಾಡದೆ ನರರೋಗ ವೈದ್ಯರಿಗೆ ತೋರಿಸಬೇಕು, ಅದು ಬೇರೆಯೇ ವಿಷಯ.)

ಅಮ್ಮನಿಗೂ ಒಂದೆರಡು ಮಾತು ಹೇಳಿ. ನೀವು ಸಿಕ್ಕಿಕೊಂಡಾಗ 'ನಿಧಾನ, ನಿಧಾನ' ಅನ್ನುವುದು ಬೇಡ, ಪದವನ್ನು ಅವರೇ ಮುಗಿಸಿಕೊಡುವುದೂ ಬೇಡ, ಸುಮ್ನೆ ನಿಮ್ಮ ಮುಖ ನೋಡುತ್ತಾ ಕಾಯಲಿ. ಇಂಟರ್ವ್ಯೂಗೆ ಕರೆಯುವ ಕಂಪನಿಯ ಫೋನ್ ಬಂದರೆ 'ಅವನು ಹೊರಗೆ ಹೋಗಿದ್ದಾನೆ' ಅಂತ ಅವರು ಹೇಳುವುದು ಇನ್ನು ಮೇಲೆ ಬೇಡ. ನೀವೇ ಎತ್ತಿ.